ಎಂಜಿನ್ ಮೇಲಿನ ಕುಂಕುಮ

ಯಾರಾದರೂ ನನಗೆ ಏನನ್ನಾದರೂ ಅಗ್ಗಕ್ಕೆ ಕೊಟ್ಟರೆ ನಾನು ಮೊದಲು ನೋಡುವುದು ವಸ್ತುವನ್ನಲ್ಲ, ಕೊಟ್ಟವರ ಮುಖವನ್ನು. ಇದು ಹುಟ್ಟುಗುಣವೋ ಉದ್ಯೋಗದಿಂದ ಅಂಟಿಕೊಂಡದ್ದೋ ಗೊತ್ತಿಲ್ಲ. ಅಮೆರಿಕದ ಪಾರ್ಸಿಪನಿ ಎಂಬ ಊರಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ನನ್ನ ಹೆಂಡತಿ ಧಾರವಾಡದವಳು. "ನಿಮಗ ದೇವರ ಬಂದು ಪ್ರಸಾದ ಕೊಟ್ರೂ ಮೂಸಿ ನೋಡೇ ಬಾಯಾಗ ಹಾಕ್ಕೋತೀರಿ" ಎನ್ನುತ್ತಾಳೆ. ಹಾಕಿಕೊಳ್ಳುತ್ತೇನಲ್ಲ, ಅದಕ್ಕೆ ದೇವರು ಸಮಾಧಾನ ಪಟ್ಟುಕೊಳ್ಳಬೇಕು.

ಇಂಥ ನಾನು ಹಿಲ್ಸ್‌ಬರೋದಲ್ಲಿ ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿದ್ದ ಅಂಕಲ್ ಒಬ್ಬರಿಂದ ಒಂದು ಕಾರು ಕೊಂಡೆ. ಅದು ಅರವತ್ತರ ದಶಕದ ಇಂಗ್ಲಿಷ್ ಕಾರೊಂದರ ನಕಲು. ಮೇಲೆ ಛಾವಣಿಯಿಲ್ಲ, ಇಬ್ಬರೇ ಕೂರಬಹುದು, ಕಡುಹಸಿರು ಬಣ್ಣ, ಕಪ್ಪೆಯ ಕಣ್ಣಿನಂತೆ ಉಬ್ಬಿದ ದೀಪಗಳು. ಅಸಲಿ ಕಾರನ್ನು ಕೊಳ್ಳುವ ತಾಕತ್ತಿಲ್ಲದವರಿಗಾಗಿ ಚೌಕಟ್ಟು, ಬಾಡಿ, ದೀಪ, ಸೀಟು ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುವ ಕಂಪನಿಗಳಿವೆ. ಅದನ್ನು ಕಿಟ್ ಕಾರು ಅನ್ನುತ್ತಾರೆ. ಮನೆಯ ಗ್ಯಾರೇಜಿನಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಮಾತ್ರ ಬೇರೆ ಯಾವುದಾದರೂ ಹಳೆಯ ಕಾರಿನಿಂದ ಬಿಚ್ಚಿ ತರಬೇಕು. ಕಾಲೇಜಿನ ಹಾಸ್ಟೆಲಿನಲ್ಲಿ ಇಂಥದೇ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದವನು ನಾನು. ಅಂಕಲ್ ಗ್ಯಾರೇಜಿನ ಬಾಗಿಲು ಎತ್ತಿ ತೋರಿಸಿದಾಗ ಬುದ್ಧಿ ಬೇಡ ಅಂದರೂ ಬಾಯಿ ಹೂಂ ಅಂದುಬಿಟ್ಟಿತು.

ಅಂಕಲ್ ಮೈಸೂರಿನವರು, ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್. ಕನ್ನಡ ಸಂಘದ ಊಟದಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಾವು ಕೂರುವವರು. ಎರಡು ವರ್ಷ ಕೂತು ಜೋಡಿಸಿದ ಕಾರನ್ನು ಕಿಟ್ಟಿನ ಬೆಲೆಗಿಂತಲೂ ಕಡಿಮೆಗೆ ಕೊಡುತ್ತೇನೆ ಅಂದರು. ಯಾಕೆ ಅಂದದ್ದಕ್ಕೆ "ಗ್ಯಾರೇಜಲ್ಲಿ ಜಾಗ ಬೇಕು" ಅಂದರು. ಆ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ವ್ಯಾಪಾರ ನಡೆದದ್ದು ಅವರ ಲಿವಿಂಗ್ ರೂಮಿನಲ್ಲಿ, ಕಾಫಿ ಚಕ್ಕುಲಿಯ ಜತೆ. ಆಂಟಿ ನನ್ನ ಹೆಂಡತಿಗೆ ಅರಿಸಿನ ಕುಂಕುಮ ಕೊಟ್ಟು, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಬಟ್ಟೆ ಮಡಿಲಿಗೆ ಹಾಕಿದರು. ನಾನು ಮೆಲ್ಲಗೆ ಬಿಲ್ಲಿನ ವಿಷಯ ತೆಗೆದೆ. ಅಂಕಲ್ ನಕ್ಕರು. "ನಮ್ಮನಮ್ಮಲ್ಲಿ ಎಂಥಾ ಬಿಲ್ಲು ಬಿಡಿ. ತಾಂಬೂಲ ತಗೊಂಡ್ರಲ್ಲ, ಮುಗೀತು." ಕಿಟ್ ಕಂಪನಿ ಕೊಟ್ಟ ಪತ್ರ ಮಾತ್ರ ಕೈಗಿತ್ತರು. ಎಂಜಿನ್ ಎಲ್ಲಿಯದು ಎಂದು ಕೇಳಿದೆ.

"ಪೆನ್ಸಿಲ್ವೇನಿಯಾದ ಒಂದು ಜಂಕ್‌ಯಾರ್ಡಿಂದ ತಂದಿದ್ದು. ಅದರ ರಸೀದಿ ಎಲ್ಲೋ ಇದೆ, ಹುಡುಕಿ ಕೊಡ್ತೀನಿ" ಅಂದರು. ಅನ್ನುವಾಗ ನನ್ನನ್ನು ನೋಡಲಿಲ್ಲ, ಚಕ್ಕುಲಿಯ ತಟ್ಟೆಯನ್ನು ನೋಡಿದರು. ಅದನ್ನೂ ಗುರುತು ಹಾಕಿಕೊಂಡೆ.

ನಂಬರ್ ಪ್ಲೇಟಿಲ್ಲದ ಕಾರನ್ನು ರಸ್ತೆಗಿಳಿಸುವ ಹಾಗಿಲ್ಲವಾದ್ದರಿಂದ ಫ್ಲ್ಯಾಟ್‌ಬೆಡ್ ಟ್ರಕ್ ಕರೆಸಿದ್ದೆ. ಕಾರು ಅದರ ಮೇಲೆ ಏರುತ್ತಿರುವಾಗ ಆಂಟಿ ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಯಾವತ್ತು ವಾಪಸ್ ತರ್ತೀರಿ?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ಅವರು ಕೈಚೀಲ ತೆರೆದು ಯಾವತ್ತೋ ಅವಧಿ ಮುಗಿದಿದ್ದ ಇನ್ಷೂರೆನ್ಸ್ ಕಾರ್ಡೊಂದನ್ನು ಮುಂದೆ ಹಿಡಿದರು. "ಇದು ಬೇಕಾಗತ್ತಾ? ಇನ್ಷೂರೆನ್ಸ್ ಇಲ್ದೆ ನಾನು ಯಾವತ್ತೂ ಗಾಡಿ ತೆಗೆದವಳಲ್ಲ. ಹೋದ ಸಲ ಬಂದಿದ್ದ ಮೆಕ್ಯಾನಿಕ್ಕೂ ಹೀಗೇ ಬೇಗ ಕೊಡ್ತೀನಿ ಅಂದ."

ಅಂಕಲ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಅವಳಿಗೆ ಮರೆವಿನ ಕಾಯಿಲೆ. ಎಲ್ಲಾರ ಮೇಲೂ ಅನುಮಾನ. ಕಾರು ರಿಪೇರಿಗೆ ಹೋಗಿದೆ ಅಂದ್ಕೊಂಡಿದ್ದಾಳೆ. ನೀವು ಸುಮ್ನೆ ಹೂಂ ಅನ್ನಿ, ಸಾಕು." ನಾನು ಹೂಂ ಅಂದೆ. ಆಂಟಿ ನಂಬಲಿಲ್ಲ. ಟ್ರಕ್ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಮನೆಗೆ ಬಂದ ಮೇಲೆ ಶುರುವಾಯಿತು ಅಸಲಿ ಫಜೀತಿ. ರಿಜಿಸ್ಟ್ರೇಷನ್ ಆಗಬೇಕಾದರೆ ಇನ್ಷೂರೆನ್ಸ್ ಬೇಕು. ಇನ್ಷೂರೆನ್ಸ್‌ಗೆ ಫೋನ್ ಮಾಡಿದರೆ ಕಾರು ನಿಮ್ಮ ಹೆಸರಿನಲ್ಲಿದೆಯೇ ಅನ್ನುತ್ತಾರೆ. ಫೋನಿನ ಆ ಕಡೆ ಇದ್ದ ಹುಡುಗಿ ಬಹಳ ಮರ್ಯಾದಸ್ಥೆ. ಕಾರು ಯಾವ ವರ್ಷದ್ದು ಎಂದು ಕೇಳಿದಳು. ನೋಡಲು ಅರವತ್ತರ ದಶಕದ್ದು, ಜೋಡಿಸಿದ್ದು ಮೊನ್ನೆ ಅಂದೆ. ಅವಳು ಎರಡನ್ನೂ ಬರೆದುಕೊಂಡಳು. ಆಮೇಲೆ ಕಾರು ನಿಲ್ಲಿಸುವ ಗ್ಯಾರೇಜಿನ ಫೋಟೋ ಕಳಿಸಿ ಅಂದಳು. ಕಳಿಸಿದೆ. ಅದನ್ನು ನೋಡಿ, ಇಲ್ಲಿ ಹೋಟೆಲ್ ವ್ಯಾಪಾರ ನಡೆಯುತ್ತಿದೆಯೇ ಎಂದು ಕೇಳಿದಳು. ಕನ್ನಡ ಸಂಘದ ದೊಡ್ಡ ಕೊಳಗಗಳು, ಇಡ್ಲಿ ಪಾತ್ರೆ, ಗ್ಯಾಸಿನ ಒಲೆ ಎಲ್ಲ ನಮ್ಮ ಗ್ಯಾರೇಜಿನಲ್ಲೇ ಇರುತ್ತಿದ್ದವು, ಹಬ್ಬದ ಅಡುಗೆಗೆ. ದುಡ್ಡು ತೆಗೆದುಕೊಳ್ಳದೆ ಅಷ್ಟು ಜನಕ್ಕೆ ಯಾಕೆ ಅಡುಗೆ ಮಾಡುತ್ತೀರಿ ಎನ್ನುವುದನ್ನು ಅವಳಿಗೆ ವಿವರಿಸಿ ಹೇಳುವಷ್ಟರಲ್ಲಿ ನನಗೇ ನನ್ನ ಮೇಲೆ ಅನುಮಾನ ಬರತೊಡಗಿತು. ಕೊಳಗಗಳನ್ನು ಇನ್ನೊಬ್ಬರ ಮನೆಗೆ ಸಾಗಿಸಿ ಬೇರೆ ಫೋಟೋ ಕಳಿಸಿದೆ.

ಮೋಟಾರ್ ವೆಹಿಕಲ್ ಕಚೇರಿಯ ಕಿಟಕಿಯ ಹಿಂದಿದ್ದ ಹೆಂಗಸು ಇನ್ನೂ ನೇರ. ಮನೆಯಲ್ಲಿ ಜೋಡಿಸಿದ ಕಾರುಗಳಿಗೆ ಬೇರೆಯೇ ತಪಾಸಣೆ ಇದೆ, ಅಲ್ಲಿಗೆ ಹೋಗುವ ಮೊದಲು ಎಂಜಿನ್ ಯಾವ ಕಾರಿನದು, ಅದರ ಮಾಲೀಕರು ಯಾರು, ನಿಮ್ಮ ಕೈಗೆ ಹೇಗೆ ಬಂತು ಎನ್ನುವುದಕ್ಕೆ ಪುರಾವೆ ತನ್ನಿ ಅಂದಳು. ಇಲ್ಲದಿದ್ದರೆ ಕಳವು ಮಾಲೆಂದು ತಿಳಿಯಬೇಕಾಗುತ್ತದೆ ಎಂದೂ ಸೇರಿಸಿದಳು. ಅವಳು ಹೇಳಿದ್ದು ಎಲ್ಲರಿಗೂ ಹೇಳುವ ಮಾತು. ಆದರೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವನಿಗೆ ಆ ಮಾತು ಬೇರೆ ಥರ ಕೇಳಿಸುತ್ತದೆ. ಕದ್ದ ಎಂಜಿನ್ ಜತೆ ನಾನು ಸಿಕ್ಕಿಬಿದ್ದರೆ ಹೋಗುವುದು ಕಾರಲ್ಲ. ಮನೆ, ಕೆಲಸ, ಹೆಂಡತಿಯ ವೀಸಾ ಎಲ್ಲ ಅದರ ಹಿಂದೆ ಕಟ್ಟಿಕೊಂಡಿವೆ.

ಅಂಕಲ್‌ಗೆ ಫೋನ್ ಮಾಡಿದೆ. ರಸೀದಿ ಹುಡುಕುತ್ತಿದ್ದೇನೆ ಅಂದರು. ಮತ್ತೆ ಮಾಡಿದೆ. ಬೇಸ್‌ಮೆಂಟಿನಲ್ಲಿದೆ ಅಂದರು. ಇನ್ನೊಮ್ಮೆ ಮಾಡಿದಾಗ ಆ ಜಂಕ್‌ಯಾರ್ಡ್ ಮುಚ್ಚಿಹೋಗಿದೆ ಅಂದರು. ಯಾವ ಊರಿನಲ್ಲಿತ್ತು ಎಂದು ಕೇಳಿದರೆ ಅದೂ ನೆನಪಿಲ್ಲ. ಮರೆವು ಆಂಟಿಗೋ ಇವರಿಗೋ ಎಂದು ನನಗೆ ರೇಗಿತು. ಎಂಜಿನ್ ಮೇಲಿನ ನಂಬರನ್ನು ಕಳವಾದ ವಾಹನಗಳ ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅಷ್ಟಕ್ಕೆ ಸಮಾಧಾನವಾಗುವ ಪೈಕಿಯಲ್ಲ ನಾನು. ಯಾರೂ ದೂರು ಕೊಟ್ಟಿಲ್ಲ ಅಂದ ಮಾತ್ರಕ್ಕೆ ಕದ್ದಿಲ್ಲ ಅಂತಾಗುತ್ತದೆಯೇ?

ಒಂದು ಶನಿವಾರ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಎಂಜಿನನ್ನು ತುದಿಯಿಂದ ತುದಿಗೆ ಪರೀಕ್ಷೆ ಮಾಡತೊಡಗಿದೆ. ಬೇರೆ ಯಾವುದಾದರೂ ಗುರುತು, ಯಾವುದಾದರೂ ವರ್ಕ್‌ಷಾಪಿನ ಚೀಟಿ ಸಿಗಬಹುದೆಂಬ ಆಸೆ. ಅಂಕಲ್ ಎಲ್ಲವನ್ನೂ ತಿಕ್ಕಿ ತೊಳೆದು ಪಳಪಳ ಅನ್ನಿಸಿದ್ದರು. ಮೇಲಿನ ಮುಚ್ಚಳದ ಬೋಲ್ಟುಗಳು ಕೂರುವ ಗುಳಿಗಳಲ್ಲಿ ಮಾತ್ರ ಏನೋ ಕೆಂಪಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ತುಕ್ಕಿರಬೇಕು ಎಂದುಕೊಂಡು ಉಗುರಿನಿಂದ ಕೆರೆದೆ. ಪುಡಿಪುಡಿಯಾಗಿ ಉದುರಿತು. ಅದರಡಿ ಹಳದಿ. ಆ ಮುಚ್ಚಳ ಅಲ್ಯೂಮಿನಿಯಮ್ಮಿನದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಹೆಂಡತಿಯನ್ನು ಕರೆದೆ. ಅವಳು ಬೆರಳಿನ ತುದಿಗೆ ಹಚ್ಚಿಕೊಂಡು ತಿಕ್ಕಿದಳು, ಮೂಸಿದಳು.

"ಇದು ಕುಂಕುಮ ಅದರೀ" ಅಂದಳು. "ಕೆಳಗ ಅರಿಷಿಣ. ಗಂಧಾನೂ ಅದ. ಒಂದ ವರ್ಷದ್ದಲ್ಲ ಇದು, ವರ್ಷಾ ವರ್ಷಾ ಹಚ್ಯಾರ. ಬಿಸಿಗೆ ಕೂತಬಿಟ್ಟದ."

"ಪೆನ್ಸಿಲ್ವೇನಿಯಾದ ಜಂಕ್‌ಯಾರ್ಡಿನಲ್ಲಿ ಕುಂಕುಮ ಯಾರು ಹಚ್ಚುತ್ತಾರೆ?"

"ಅದನ್ನ ಅಂಕಲ್‌ನ್ನ ಕೇಳ್ರಿ. ಎಂಜಿನ್ನಿಗೆ ಕುಂಕುಮ ಹಚ್ಚೂದು ಎಲ್ಲಾರ ಮನ್ಯಾಗೂ ಇರೂದಿಲ್ಲ. ನಾವು ಬಾನೆಟ್ ಮ್ಯಾಲ ಹಚ್ಚಿ ಬಿಡ್ತೀವಿ. ಇದು ಬಾನೆಟ್ ತಗದು, ಒಳಗಿಂದಕ್ಕೂ ಪೂಜಾ ಮಾಡಿದವ್ರ ಕೆಲಸ. ಭಾಳ ಪ್ರೀತಿ ಇದ್ದವ್ರು."

ಆಯುಧಪೂಜೆಯ ಕುಂಕುಮ. ಅಂದರೆ ಇದು ನಮ್ಮವರದೇ ಯಾರದೋ ಕಾರಿನ ಎಂಜಿನ್. ನನಗೆ ತಲೆ ಬಿಸಿಯಾಯಿತು. ಊರಿನ ಕನ್ನಡದವರಲ್ಲಿ ಯಾರ ಕಾರು ಕಳುವಾಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಅಷ್ಟು ಜನರಿಗೆ ಬಡಿಸಿ ಕೊನೆಗೆ ಉಣ್ಣುವವರು ಇಂಥವರೇ ಎಂದು ಒಳಗೊಳಗೇ ಬೈದುಕೊಂಡೆ. ಕೆರೆದ ಕುಂಕುಮವನ್ನು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಮಡಚಿಕೊಂಡು ಆಗಲೇ ಅವರ ಮನೆಗೆ ಹೋದೆ.

ಅಂಕಲ್ ಹೊರಗೆ ಎಲೆ ಗುಡಿಸುತ್ತಿದ್ದರು. ನಾನು ನ್ಯಾಪ್‌ಕಿನ್ ಬಿಚ್ಚಿ ತೋರಿಸಿದೆ. ಅವರು ಅದನ್ನು ನೋಡಿದರು, ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಅಲ್ಲಿ ಆಂಟಿ ನಿಂತಿದ್ದರು.

"ಬನ್ನಿ" ಎಂದು ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋದರು.

ಶೆಡ್ಡಿನಲ್ಲಿ ಟಾರ್ಪಾಲಿನಡಿ ಒಂದು ಸಣ್ಣ ಕೆಂಪು ಜಪಾನೀ ಕಾರಿತ್ತು. ಅಂಕಲ್ ಬಾನೆಟ್ ಎತ್ತಿದರು. ಒಳಗೆ ಖಾಲಿ. ಕತ್ತರಿಸಿದ ವೈರುಗಳ ತುದಿಗೆ ಒಂದೊಂದಕ್ಕೂ ನೀಟಾಗಿ ಟೇಪು ಸುತ್ತಿದ್ದರು.

"ಅವಳದ್ದು" ಅಂದರು. "ಆಟೋಮ್ಯಾಟಿಕ್ ಬೇಡ, ಗೇರ್ ಕಾರೇ ಬೇಕು ಅಂತ ಹಟ ಮಾಡಿ ತಗೊಂಡಿದ್ದಳು. ನನ್ನ ಕೈಗೆ ಕೀನೇ ಕೊಡ್ತಿರ್ಲಿಲ್ಲ."

ಆಂಟಿ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದವರು. ಡಾಕ್ಟರು ಬರೆದದ್ದನ್ನೂ ಎರಡು ಸಲ ನೋಡದೆ ಮಾತ್ರೆ ಎಣಿಸುತ್ತಿರಲಿಲ್ಲವಂತೆ. ಮರೆವು ಶುರುವಾದ ಮೇಲೂ ಕಾರು ಬಿಟ್ಟಿರಲಿಲ್ಲ. ಒಂದು ದಿನ ರಾಬಿನ್ಸ್‌ವಿಲ್ಲಿನ ದೇವಸ್ಥಾನಕ್ಕೆಂದು ಒಬ್ಬರೇ ಹೊರಟು, ಅಲ್ಲಿಯ ಗೋದಾಮುಗಳ ನಡುವೆ ದಾರಿ ತಪ್ಪಿದ್ದರು. ಸರಕಿನ ಟ್ರಕ್ಕುಗಳ ಸಾಲಿನ ಹಿಂದೆ ತಮ್ಮ ಕಾರು ನಿಲ್ಲಿಸಿಕೊಂಡು, ದೇವಸ್ಥಾನದ ಪಾರ್ಕಿಂಗಿಗೆ ಕಾಯುತ್ತಿದ್ದೇನೆ ಎಂದು ಪೊಲೀಸರಿಗೆ ಹೇಳಿದರಂತೆ. ಬೆಳಗಿನಿಂದ ಸಂಜೆಯವರೆಗೆ ಕಾದಿದ್ದರು.

"ಕೀ ಕಿತ್ಕೊಂಡ್ರೆ ಹುಡುಕ್ತಿದ್ದಳು, ಜಗಳ ಆಡ್ತಿದ್ದಳು" ಅಂದರು ಅಂಕಲ್. "ಅದಕ್ಕೆ ಗೇರ್‌ಬಾಕ್ಸ್ ಸಮೇತ ಎಂಜಿನ್ನೇ ಇಳಿಸಿಬಿಟ್ಟೆ. ರಿಪೇರಿ ಅಂದೆ. ಎಂಜಿನ್ ಸುಮ್ನೆ ನೆಲದ ಮೇಲೆ ಬಿದ್ದಿದ್ರೆ ಯಾಕೆ ಬಿದ್ದಿದೆ ಅಂತ ದಿನಾ ಕೇಳೋಳು. ಕೆಲಸ ನಡೀತಾ ಇದ್ರೆ ಒಂಚೂರು ಸುಮ್ನಾಗೋಳು. ಆಮೇಲೆ ಈ ಕಿಟ್ ತರಿಸಿದೆ. ಏನಾದ್ರೂ ಜೋಡಿಸ್ತಾ ಇರಬೇಕಿತ್ತು ನಾನು."

"ಮತ್ತೆ ನನಗೆ ಯಾಕೆ ಮಾರಿದಿರಿ?"

"ಜೋಡಿಸೋದು ಮುಗಿದುಹೋಯ್ತಲ್ಲ."

ಅದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಾರು ಮುಗಿದರೆ ರಿಪೇರಿಯೂ ಮುಗಿದಂತೆ. ಎಂಜಿನ್ ಸ್ಟಾರ್ಟ್ ಆದ ದಿನ ಆಂಟಿ ಕೀ ಕೇಳುತ್ತಾರೆ. ಅದಕ್ಕೇ ಆ ಮನೆಯಿಂದ ಅದನ್ನು ಅಗ್ಗಕ್ಕೆ ಸಾಗಹಾಕಿದ್ದರು.

ಕಥೆ ಕೇಳಿ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಮೊದಲು ಬಂದದ್ದು ಸಿಟ್ಟು. ಶೆಡ್ಡಿನಲ್ಲಿದ್ದ ಕಾರಿನ ನಂಬರು, ಗಾಜಿನ ಮೂಲೆಯಲ್ಲಿದ್ದ ಹಳೆಯ ಸ್ಟಿಕರು ಎಲ್ಲವನ್ನೂ ನನ್ನ ಎಂಜಿನ್ ನಂಬರಿನ ಜತೆ ಹೋಲಿಸಿದ ಮೇಲೇ ನಂಬಿದೆ. ಆ ಕೆಂಪು ಕಾರು ಆಂಟಿಯ ಹೆಸರಿನಲ್ಲಿ ಮಾತ್ರ ಇತ್ತು. ಎಂಜಿನನ್ನು ನನಗೆ ಕೊಟ್ಟಿದ್ದೇನೆ ಎಂದು ಅವರು ಸಹಿ ಹಾಕಬೇಕು. ಹಾಕಿದರೆ ನನಗೆ ಪ್ಲೇಟು. ಇಲ್ಲದಿದ್ದರೆ ಹಸಿರು ಕಾರು ನನ್ನ ಗ್ಯಾರೇಜಿನಲ್ಲಿ ಕೊಳಗಗಳ ಜಾಗದಲ್ಲಿ ಕೂತಿರುತ್ತದೆ ಅಷ್ಟೆ.

"ಸೈನ್ ತಾನೇ" ಅಂದರು ಅಂಕಲ್. "ಅವಳ ಸೈನ್ ನಾನೇ ಹಾಕ್ತೀನಿ. ಎಲ್ಲಾ ಕಡೆ ನಾನೇ ಹಾಕೋದು ಈಗ."

"ಬೇಡ ಅಂಕಲ್. ಅವರೇ ಹಾಕಬೇಕು, ನನ್ನ ಕಣ್ಣೆದುರು ಹಾಕಬೇಕು."

ಮನೆಗೆ ಬಂದು ಹೇಳಿದಾಗ ಹೆಂಡತಿ ನನ್ನ ಮೇಲೇ ತಿರುಗಿಬಿದ್ದಳು. "ಆಕೀ ಕಾರು ಬಿಚ್ಚಿ, ಮಾರಿ, ಈಗ ಆಕೀ ಕಡಿಂದನ ಸಹೀನೂ ತಗೋತೀರಿ? ಸಹೀ ಮಾಡಸ್ಕೋಳೂಕಿಂತ ಮೊದಲ ಆ ಕಾರು ಆಂಟಿಗೆ ಒಂದ ಸಲ ತೋರಸ್ರಿ. ಏನಕ್ಕ ಸಹೀ ಹಾಕ್ಲಿಕತ್ತೀನಿ ಅಂತ ಆಕೀಗೆ ಗೊತ್ತಿರಬೇಕೋ ಬ್ಯಾಡೋ?"

ಆ ಭಾನುವಾರ ಅಂಕಲ್ ಆಂಟಿಯನ್ನು ಕರೆದುಕೊಂಡು ಬಂದರು. ಗ್ಯಾರೇಜಿನ ಮುಂದೆ ಮಡಚುವ ಮೇಜು ಹಾಕಿ ಅದರ ಮೇಲೆ ಕಾಗದ, ಪೆನ್ನು ಇಟ್ಟಿದ್ದೆ. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಆಂಟಿಗೆ ಮಂಡಕ್ಕಿಯ ಗಿರ್ಮಿಟ್ಟು ಕೊಡುತ್ತಿದ್ದಳು. ಹೊರಗೆ ಅಂಕಲ್ "ಒಂದ್ಸಲ ಸ್ಟಾರ್ಟ್ ಮಾಡಿ, ಐಡ್ಲಿಂಗ್ ಸರಿ ಇದ್ಯಾ ನೋಡೋಣ" ಅಂದರು. ಅಭ್ಯಾಸಬಲ, ಎಂಜಿನಿಯರ್ ಅಲ್ಲವೇ. ನಾನು ಕೀ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ, ಒಂದು ಕ್ಷಣ ಯೋಚಿಸಿ, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಅದು ಯಾವಾಗಲೂ ಹಾಗೇ ಶುರುವಾಗುತ್ತಿತ್ತು.

ಮನೆಯ ಒಳಬಾಗಿಲು ತೆರೆಯಿತು. ಆಂಟಿ ಚಪ್ಪಲಿಯಿಲ್ಲದೆ, ಕಾಲುಚೀಲದಲ್ಲೇ ಗ್ಯಾರೇಜಿಗೆ ಇಳಿದರು. ಹೆಗಲಲ್ಲಿ ಕೈಚೀಲ, ಕೈಯಲ್ಲಿ ಇನ್ನೂ ಗಿರ್ಮಿಟ್ಟಿನ ತಟ್ಟೆ.

"ನನ್ನ ಕಾರು ಬಂತು" ಅಂದರು.

ಹಸಿರು ಕಾರನ್ನು ನೋಡಿ ಅವರ ಮುಖ ಗೊಂದಲಕ್ಕೆ ಬಿತ್ತು. ಅದರ ಹಿಂದೆ ಬಗ್ಗಿ ನೋಡಿದರು, ಡ್ರೈವ್‌ವೇಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿದರು. ಕೆಂಪು ಕಾರು ಎಲ್ಲೂ ಇರಲಿಲ್ಲ. ವಾಪಸು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಶಬ್ದ ಇಲ್ಲಿಂದ ಬರ್ತಿದೆ. ಇದು ನನ್ನ ಕಾರಿಂದು."

"ಇಲ್ಲ ಕಣೇ" ಅಂದರು ಅಂಕಲ್, ರೂಢಿಯಂತೆ. "ಇದು ಇವರ ಕಾರು."

ಆಂಟಿ ತಟ್ಟೆಯನ್ನು ನನ್ನ ಕೈಗಿತ್ತರು. ನಾನು ಸೀಟಿನಿಂದ ಏಳಬೇಕಾಯಿತು. ಅವರು ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಆ ಗಿಡ್ಡ ಕಾರಿನೊಳಗೆ ಇಳಿದು ಕೂತರು, ಕ್ಲಚ್ ಒತ್ತಿದರು, ಗೇರಿನ ಮೇಲೆ ಕೈಯಿಟ್ಟರು. ಆ ಕಾರಿನ ಎರಡನೆಯ ಗೇರು ನನಗೆ ಒಂದು ದಿನವೂ ಬಿದ್ದಿರಲಿಲ್ಲ. ಡ್ರೈವ್‌ವೇಯಲ್ಲಿ ನಿಂತಲ್ಲೇ ಎಷ್ಟು ಗುದ್ದಾಡಿದರೂ ಕರಕರ ಅನ್ನುತ್ತಿತ್ತು. ಜೋಡಿಸುವುದರಲ್ಲಿ ಅಂಕಲ್ ಏನೋ ಎಡವಟ್ಟು ಮಾಡಿದ್ದಾರೆ ಎಂದು ಅದಕ್ಕೂ ಬೈದಿದ್ದೆ.

"ಎರಡು ಸುಲಭಕ್ಕೆ ಬೀಳಲ್ಲ" ಅಂದರು ಆಂಟಿ, ಯಾರಿಗೆಂದು ನಿರ್ದಿಷ್ಟವಿಲ್ಲದೆ. "ಮೊದಲು ಮೂರಕ್ಕೆ ಹಾಕಿ, ಆಮೇಲೆ ಎರಡಕ್ಕೆ ಎಳೀಬೇಕು."

ಮೂರಕ್ಕೆ ಹಾಕಿ ಎರಡಕ್ಕೆ ಎಳೆದರು. ಸದ್ದಿಲ್ಲದೆ ಬಿತ್ತು. ಮತ್ತೆ ನ್ಯೂಟ್ರಲ್ಲಿಗೆ ತಂದು ಕೀ ತಿರುಗಿಸಿ ಎಂಜಿನ್ ಆರಿಸಿದರು. ಕೀಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡರು.

"ನಿಜ ಹೇಳಿ" ಎಂದು ಅಂಕಲ್ ಕಡೆ ತಿರುಗಿದರು. "ಇದು ನನ್ನ ಕಾರಿನ ಎಂಜಿನ್ ತಾನೇ?"

ಮೇಜಿನ ಮೇಲೆ ಕಾಗದವಿತ್ತು, ಪೆನ್ನಿತ್ತು. ಅಂಕಲ್ ಅಲ್ಲ ಅಂದಿದ್ದರೆ ಆಂಟಿ ಒಂದು ಗಳಿಗೆ ಸಿಡುಕಿ, ಆಮೇಲೆ ಅದನ್ನೂ ಮರೆತು, ಗಂಡ ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಅದು ಅಂಕಲ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ವರ್ಷದಿಂದ ದಿನಾ ಆಡಿದ್ದ ಸುಳ್ಳು, ಇನ್ನೊಂದು ಸಲ ಆಡಿದರೆ ನನಗೆ ನಂಬರ್ ಪ್ಲೇಟು. ಅವರು ಅಲ್ಲ ಅನ್ನಲಿ ಎಂದು ನಾನು ಬಯಸಿದೆ. ಬಹಳ ಬಯಸಿದೆ.

"ಹೌದು" ಅಂದರು ಅಂಕಲ್. "ನಿಂದೇ."

"ಬಿಚ್ಚಿ ಹಾಕಿದ್ದೀರಿ ಅಂತ ನಾನು ಹೇಳ್ತಾನೇ ಇದ್ದೆ."

"ಹೌದು. ನೀನು ಹೇಳ್ತಿದ್ದೆ."

"ನನಗೆ ಮರೆವು ಅಂದ್ರಿ."

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮರೆವಿದೆ ನನಗೆ" ಅಂದರು ಆಂಟಿ. "ಇದನ್ನ ಮರೆತಿರ್ಲಿಲ್ಲ."

ಕಳವಾದ ವಾಹನಗಳ ಪಟ್ಟಿಯಲ್ಲಿ ಆ ನಂಬರನ್ನು ಹುಡುಕಿದ್ದು ನನಗೆ ನೆನಪಾಯಿತು. ಯಾರೂ ದೂರು ಕೊಟ್ಟಿಲ್ಲ ಎಂದುಕೊಂಡಿದ್ದೆ. ಕೊಡುವವರು ಬಂದವರಿಗೆಲ್ಲ ಕೊಡುತ್ತಲೇ ಇದ್ದರು. ನನಗೂ ಕೊಟ್ಟಿದ್ದರು, ಬಾಗಿಲಲ್ಲಿ ನಿಂತು, ಇನ್ಷೂರೆನ್ಸ್ ಕಾರ್ಡಿನ ಸಮೇತ. ನಾನು ಹೂಂ ಅಂದಿದ್ದೆ.

ಆಂಟಿ ಕಾರಿನಿಂದ ಇಳಿದು ಮೇಜಿನ ಹತ್ತಿರ ಬಂದರು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಮೇಲಿನಿಂದ ಕೆಳಗೆ ಓದಿದರು. ಮಾತ್ರೆ ಎಣಿಸುವ ಮುಂಚೆ ಹೀಗೇ ಓದುತ್ತಿದ್ದರೇನೋ.

"ಇದು ಯಾತಕ್ಕೆ?"

"ಎಂಜಿನ್ ಇವರಿಗೆ ಕೊಡೋದಕ್ಕೆ" ಅಂದರು ಅಂಕಲ್.

"ನನ್ನ ಕಾರಿಂದು ನಾನ್ಯಾಕೆ ಕೊಡಲಿ?"

ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟರು. ಕಾರಿನ ಕೀಯನ್ನು ಕೈಚೀಲದಲ್ಲಿ ಹಾಕಿ ಜಿಪ್ ಎಳೆದರು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮತ್ತೆ ಅದೇ ಫ್ಲ್ಯಾಟ್‌ಬೆಡ್ ಬಂತು. ಅಂಕಲ್ ನನ್ನ ಹಣವನ್ನು ನಾನು ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದರು. ಹೊಟ್ಟೆ ಉರಿಯಲಿಲ್ಲ ಅಂದರೆ ನಿಮ್ಮ ಕಣ್ಣಿಗೆ ಮಣ್ಣೆರಚಿದಂತಾಗುತ್ತದೆ. ಆ ಹಸಿರು ಬೆನ್ನು ಟ್ರಕ್ಕಿನ ಮೇಲೇರುವುದನ್ನು ನೋಡಿ ಚೆನ್ನಾಗಿಯೇ ಉರಿಯಿತು. ಕಾರಿನ ಹಿಂದೆಯೇ ನನ್ನ ಗಾಡಿಯಲ್ಲಿ ಹೋದೆ, ಎಲ್ಲ ಸರಿಯಾಗಿ ಇಳಿಸುತ್ತಾರೋ ಇಲ್ಲವೋ ಎಂದು.

ಇಳಿಸಿ ಅವರ ಗ್ಯಾರೇಜಿನೊಳಗೆ ತಳ್ಳಿದ ಕೂಡಲೇ ಆಂಟಿ ಡ್ರೈವರ್ ಸೀಟಿನಲ್ಲಿ ಕೂತರು. ಮಡಿಲಲ್ಲಿ ಕೈಚೀಲ. ಅಂಕಲ್ ಗೋಡೆಗೆ ಒರಗಿಕೊಂಡು ಕಾಯುತ್ತಿದ್ದರು. ಅವರು ಹೆದರುತ್ತಿದ್ದ ಗಳಿಗೆ ಇದೇ ಆಗಿತ್ತು. ಕಾರು ಇದೆ, ಎಂಜಿನ್ ಇದೆ, ಕೀ ಆಂಟಿಯ ಹತ್ತಿರ ಇದೆ.

ಆಂಟಿ ಕಾರಿನ ಹಿಂದುಮುಂದು ನೋಡಿದರು. "ನಂಬರ್ ಪ್ಲೇಟ್ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ರಿಜಿಸ್ಟ್ರೇಷನ್ ಆಗಿಲ್ಲ ಆಂಟಿ" ಅಂದೆ. "ತಪಾಸಣೆ ಆಗಬೇಕು, ಇನ್ಷೂರೆನ್ಸ್ ಆಗಬೇಕು. ಅದು ಆಗದೆ ಇದು ಕೊಡೋಲ್ಲ, ಇದು ಆಗದೆ ಅದು ಕೊಡೋಲ್ಲ ಅಂತಾರೆ."

ಅವರು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದರು. ಬೇರೆಯವರನ್ನು ಹಾಗೆ ನೋಡುವುದು ನನ್ನ ಕಸುಬು, ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ನನ್ನ ಬಾಯಲ್ಲಿದ್ದದ್ದು ಪೂರ್ತಿ ನಿಜ, ಆದರೂ ಬೆವರಿದೆ.

"ಇನ್ಷೂರೆನ್ಸ್ ಇಲ್ದೆ ನಾನು ಗಾಡಿ ತೆಗೆಯೋಲ್ಲಪ್ಪ" ಅಂದರು ಕೊನೆಗೆ. ಕೀಯನ್ನು ಕೈಚೀಲದಲ್ಲೇ ಬಿಟ್ಟರು.

ಅಂಕಲ್ ಗೋಡೆಯಿಂದ ಬೆನ್ನೆತ್ತಿ ನನ್ನ ಕಡೆ ನೋಡಿದರು. ಪ್ಲೇಟು ಬಂದಿಲ್ಲ. ನಾಳೆ ಕೇಳಿದರೂ ಅದೇ ಉತ್ತರ, ನಾಡಿದ್ದು ಕೇಳಿದರೂ ಅದೇ, ಮತ್ತು ಅದು ಸುಳ್ಳಲ್ಲ. ಅವರ ಕಣ್ಣು ತುಂಬಿತ್ತು. ನಾನು ಬೇರೆ ಕಡೆ ತಿರುಗಿಕೊಂಡೆ.

ನಾನು ಹೊರಡುವಾಗ ಆಂಟಿ ಸೀಟಿನಿಂದಲೇ ಕೂಗಿದರು. "ರೀ ಮೆಕ್ಯಾನಿಕ್. ಡಿಕ್ಕೀಲಿ ನನ್ನ ಛತ್ರಿ ಇತ್ತು. ನೀಲಿ ಛತ್ರಿ. ಅದೆಲ್ಲಿ?"

ಅಂಕಲ್ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು, ಸುಮ್ಮನೆ ಹೂಂ ಅನ್ನಿ ಎಂದು. ಆ ಹಸಿರು ಕಾರಿಗೆ ಡಿಕ್ಕಿಯೇ ಇರಲಿಲ್ಲ.

ನಾನು ಹೂಂ ಅನ್ನಲಿಲ್ಲ. ಪುರಾವೆ ಕೇಳಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ.

"ಛತ್ರಿ ಎಲ್ಲಿ ಅಂಕಲ್?" ಎಂದು ಕೇಳಿದೆ.

ಅಂಕಲ್ ಹಿತ್ತಲಿನ ಶೆಡ್ಡಿಗೆ ಹೋಗಿ, ಕೆಂಪು ಕಾರಿನ ಡಿಕ್ಕಿಯಿಂದ ನೀಲಿ ಛತ್ರಿಯನ್ನು ತಂದು, ಧೂಳು ಒರೆಸಿ, ಆಂಟಿಯ ಕೈಗೆ ಕೊಟ್ಟರು.